ಹಾಸಿಗೆ ಹಿಡಿದವರ ಬೆನ್ನು ಹುಣ್ಣಾಗದಂತೆ ನೋಡಿಕೊಳ್ಳುವುದು ಹೇಗೆ?

ಲಕ್ವಾ ಹೊಡೆದು ಅವ್ವ ಹಾಸಿಗೆ ಹಿಡಿದಾಗ ವಿಜಯಪುರದಲ್ಲಿ ಏಪ್ರಿಲ್ ಬಿಸಿಲು. ಬಿಪಿ ಗುಳಿಗೆ, ಸಕ್ಕರೆ ಕಾಯಿಲೆಯ ಗುಳಿಗೆ ಯಾವುದನ್ನೂ ಕೊಡುವುದು ತಪ್ಪಿಸಲಿಲ್ಲ. ಒಂದು ದಿನ ಮೈ ಒರೆಸುವಾಗ ಬಾಲದ ಎಲುಬಿನ ಮೇಲೆ ಎಂಟಾಣೆಯಷ್ಟು ಕೆಂಪು ಕಂಡಿತು. ಕೊಬ್ಬರಿ ಎಣ್ಣೆ ಹಚ್ಚಿ ಚೆನ್ನಾಗಿ ತಿಕ್ಕಿದೆ. ಎರಡೇ ದಿನಕ್ಕೆ ಚರ್ಮ ಸುಲಿಯಿತು. ಎಲುಬಿಗೂ ಹಾಸಿಗೆಗೂ ನಡುವೆ ಸಿಕ್ಕ ಚರ್ಮಕ್ಕೆ ರಕ್ತ ಹೋಗುವುದಿಲ್ಲ. ಒಳಗೆ ಆಗಲೇ ನೊಂದಿರುತ್ತದೆ. ತಿಕ್ಕಿದರೆ ಇನ್ನೂ ಹಾಳು. ಡ್ರೆಸ್ಸಿಂಗ್ ಮಾಡಲು ಬಂದ ನರ್ಸ್ ಬೈದ ಮೇಲೆ ನನಗೆ ಇದು ಗೊತ್ತಾಗಿದ್ದು.

ಹಾಗಾಗಿ ಮೊದಲ ಕೆಲಸ, ದಿನಾ ನೋಡುವುದು. ಬಾಲದ ಎಲುಬು, ಚಪ್ಪೆಯ ಎರಡೂ ಬದಿ, ಹಿಮ್ಮಡಿ, ಭುಜದ ಹಿಂಭಾಗ, ಕಿವಿಯ ಹಿಂದೆ ಕೂಡ. ಕೆಂಪು ಕಂಡರೆ ಬೆರಳಿಂದ ಒತ್ತಿ ಬಿಡಿ. ಒತ್ತಿದಾಗ ಬಿಳಿಚಿಕೊಂಡು ಮತ್ತೆ ಕೆಂಪಾದರೆ ರಕ್ತ ಓಡಾಡುತ್ತಿದೆ ಎಂದರ್ಥ. ಒತ್ತಿದರೂ ಬಣ್ಣ ಬದಲಾಗದಿದ್ದರೆ ಅದು ಹುಣ್ಣಿನ ಮೊದಲ ಹಂತ. ಮೈಬಣ್ಣ ಕಪ್ಪಿದ್ದರೆ ಕೆಂಪು ಕಾಣುವುದಿಲ್ಲ, ಕೈ ಇಟ್ಟು ನೋಡಿ. ಆ ಜಾಗ ಸುತ್ತಲಿಗಿಂತ ಬಿಸಿ ಅಥವಾ ಗಟ್ಟಿ ಇರುತ್ತದೆ.

ಎರಡನೆಯದೇ ದೊಡ್ಡ ಕೆಲಸ: ಎರಡು ತಾಸಿಗೊಮ್ಮೆ ಹೊಳ್ಳಿಸುವುದು. ಎಡ, ಬೆನ್ನು, ಬಲ. ನೆನಪಿನ ಮೇಲೆ ಬಿಟ್ಟರೆ ಆಗುವುದಿಲ್ಲ. ನಾವು ಕ್ಯಾಲೆಂಡರಿನ ಹಿಂದೆ '8 ಎಡ, 10 ಬೆನ್ನು, 12 ಬಲ' ಎಂದು ಬರೆದು ಗೋಡೆಗೆ ಹಚ್ಚಿದೆವು. "ಈಗ ತಾನ ಹೊಳ್ಳಿಸಿದಿ, ಮತ್ತ ಬಂದ್ಯಾ?" ಎಂದು ಅವ್ವ ಸಿಟ್ಟಾಗುತ್ತಿದ್ದಳು. ಗೋಡೆ ತೋರಿಸುತ್ತಿದ್ದೆ. ರಾತ್ರಿಗೆ ಮೊಬೈಲ್ ಅಲಾರಾಂ. ಒಬ್ಬರೇ ಮಾಡಬೇಡಿ, ಮನೆಯವರು ಪಾಳಿ ಹಚ್ಚಿಕೊಳ್ಳಿ. ಇಲ್ಲದಿದ್ದರೆ ವಾರದೊಳಗೆ ನಿಮ್ಮ ಟೊಂಕವೂ ಹೋಗುತ್ತದೆ.

ಹೊಳ್ಳಿಸುವಾಗ ಎಳೆಯಬಾರದು. ಎಳೆದರೆ ಚರ್ಮ ಹಾಸಿಗೆಗೆ ಅಂಟಿ ಹಿಂದೆ ಉಳಿಯುತ್ತದೆ, ಎಲುಬು ಮುಂದೆ ಹೋಗುತ್ತದೆ. ಇದಕ್ಕೆ ಅವ್ವನ ಹಳೆಯ ಇಳಕಲ್ ಸೀರೆಯೇ ಸಾಕಾಯಿತು. ತೊಳೆದು ತೊಳೆದು ಮೆತ್ತಗಾಗಿತ್ತು. ನಾಲ್ಕು ಮಡಿಕೆ ಮಾಡಿ ಭುಜದಿಂದ ತೊಡೆಯವರೆಗೆ ಕೆಳಗೆ ಹಾಸಿದೆವು. ಆಚೆ ಒಬ್ಬರು, ಈಚೆ ಒಬ್ಬರು ಅಂಚು ಸುತ್ತಿ ಹಿಡಿದು, ಒಂದು, ಎರಡು, ಮೂರು ಎಂದು ಸ್ವಲ್ಪ ಎತ್ತಿ ಸರಿಸುವುದು. ಆದರೆ ಉಡಿಸಿದ ಸೀರೆಯ ಗಂಟು ಟೊಂಕಕ್ಕೆ ಒತ್ತುತ್ತದೆ. ನೈಟಿಯೇ ವಾಸಿ.

ಕೌದಿ ವಿಷಯದಲ್ಲೂ ಹೀಗೆಯೇ. ಮೈ ಕೆಳಗೆ ಹಾಸಿದರೆ ಅದರ ತೇಪೆ, ಹೊಲಿಗೆ ಎಲ್ಲ ಚರ್ಮದ ಮೇಲೆ ಮೂಡುತ್ತವೆ. ಸುರುಳಿ ಸುತ್ತಿ ಬೆನ್ನ ಹಿಂದೆ ಕೊಟ್ಟರೆ ಮಾತ್ರ ಅದಕ್ಕಿಂತ ಒಳ್ಳೆಯ ಆಸರೆ ಇಲ್ಲ. ಪೂರ್ತಿ ಮಗ್ಗುಲಾಗಿಸಬೇಡಿ, 30 ಡಿಗ್ರಿಯಷ್ಟು ಓರೆ ಸಾಕು. ಮೊಣಕಾಲುಗಳ ನಡುವೆ ದಿಂಬು ಇಡಿ. ಮೀನಖಂಡದ ಕೆಳಗೆ ಇನ್ನೊಂದು ಇಟ್ಟು, ಹಿಮ್ಮಡಿ ಹಾಸಿಗೆಗೆ ತಾಗದಂತೆ ಮಾಡಿ. ನಡುವೆ ತೂತಿರುವ ರಿಂಗ್ ದಿಂಬು ಬೇಡ, ಅದರ ಅಂಚೇ ರಕ್ತ ತಡೆಯುತ್ತದೆ. ಏರ್ ಬೆಡ್ ಇದ್ದರೆ ಒಳ್ಳೆಯದೇ, ಅದಿದೆ ಎಂದು ಹೊಳ್ಳಿಸುವುದನ್ನು ಬಿಡುವಂತಿಲ್ಲ.

ನಮ್ಮ ಕಡೆ ಬೇಸಿಗೆ 40 ಡಿಗ್ರಿ ದಾಟುತ್ತದೆ. ರೆಕ್ಸಿನ್ ಹಾಸಿದರೆ ಬೆವರಲ್ಲೇ ಮಲಗಿದಂತೆ. ಮೇಲೆ ಕಾಟನ್ ಬಟ್ಟೆ ಇರಲಿ, ಒದ್ದೆಯಾದ ಕೂಡಲೇ ಬದಲಿಸಿ.

ವಯಸ್ಸಾದವರಿಗೆ ನೀರಡಿಕೆ ಗೊತ್ತಾಗುವುದು ಕಡಿಮೆ. ಅವರು ಕೇಳಲಿ ಎಂದು ಕಾಯದೆ ಹೊಳ್ಳಿಸಿದಾಗಲೆಲ್ಲ ನಾಲ್ಕು ಗುಟುಕು ನೀರು, ಮಜ್ಜಿಗೆ ಕೊಡಿ. ಹೃದಯ, ಕಿಡ್ನಿ ತೊಂದರೆ ಇದ್ದರೆ ಎಷ್ಟು ಎಂದು ವೈದ್ಯರನ್ನು ಕೇಳಿ. ಚರ್ಮ ಗಟ್ಟಿ ಇರಲು ಪ್ರೋಟೀನ್ ಬೇಕು. ಬರೀ ಗಂಜಿ ಸಾಲದು. ರೊಟ್ಟಿ ಮುರಿದು ಬ್ಯಾಳಿಯಲ್ಲಿ ನೆನೆಸಿ ಕೊಡಿ. ಮೊಸರು, ತಿನ್ನುವವರಾದರೆ ಮೊಟ್ಟೆ. ಎಬ್ಬಿಸಿ ಕೂರಿಸಿಯೇ ತಿನ್ನಿಸಬೇಕು. ಕುಡಿಯುವಾಗ ಕೆಮ್ಮು ಬಂದರೆ ನಿಲ್ಲಿಸಿ ವೈದ್ಯರಿಗೆ ಹೇಳಿ.

ಗುಳ್ಳೆ ಎದ್ದರೆ, ಚರ್ಮ ಕಪ್ಪಾದರೆ, ವಾಸನೆ, ಕೀವು, ಜ್ವರ ಬಂದರೆ ಅವತ್ತೇ ವೈದ್ಯರಿಗೆ ತೋರಿಸಿ. ಅರಿಶಿನ, ಸ್ಪಿರಿಟ್ ಏನೂ ಹಾಕಬೇಡಿ.

ನಿಮ್ಮ ಹಿರಿಯರು ವೃದ್ಧಾಶ್ರಮದಲ್ಲಿದ್ದಾರಾ? ಹೋದಾಗ ಬರೀ ಹಣ್ಣು ಕೊಟ್ಟು ಬರಬೇಡಿ, ಕಾಲುಚೀಲ ತೆಗೆದು ಹಿಮ್ಮಡಿ ನೋಡಿ. ಹೊಳ್ಳಿಸಿದ್ದನ್ನು ಬರೆದಿಡುವ ಪುಸ್ತಕ ಕೇಳಿ. ನೋಡಲು ಬಿಡದಿದ್ದರೆ ಹಿರಿಯ ನಾಗರಿಕರ ಸಹಾಯವಾಣಿ 14567ಕ್ಕೆ ಫೋನ್ ಮಾಡಿ, ದುಡ್ಡು ಬೀಳುವುದಿಲ್ಲ.