ಮನೆಯ ಬಿಯರ್‌ ಬಾಟಲಿಗೆ ಸಕ್ಕರೆ ಎಷ್ಟು?

ಬಾಟಲಿಗೆ ತುಂಬುವಾಗ ಸೇರಿಸುವ ಸಕ್ಕರೆಯನ್ನು ಬಿಯರ್‌ನಲ್ಲಿ ಉಳಿದಿರುವ ಯೀಸ್ಟ್‌ ತಿಂದು ನೊರೆಗೆ ಬೇಕಾದ ಅನಿಲ ಹುಟ್ಟಿಸುತ್ತದೆ. ಈ ಸಕ್ಕರೆಯನ್ನು ತೂಗುವ ಮೊದಲು ಹುದುಗುವಿಕೆ ಪೂರ್ತಿ ಮುಗಿದಿದೆಯೇ ಎಂದು ನೋಡಿಕೊಳ್ಳಿ. ಮೂರು ದಿನ ಹೈಡ್ರೋಮೀಟರ್‌ (ದ್ರವದ ಸಾಂದ್ರತೆ ಅಳೆಯುವ ಸಾಧನ) ಒಂದೇ ಅಂಕಿ ತೋರಿಸಬೇಕು. ಆ ಅಂಕಿ ಇನ್ನೂ 0.004ರಷ್ಟು ಇಳಿಯಬೇಕಿದ್ದಾಗಲೇ ಬಾಟಲಿಗೆ ತುಂಬಿದರೆ, ನೀವು ಒಂದು ಚಿಟಿಕೆ ಸಕ್ಕರೆ ಹಾಕದಿದ್ದರೂ ಸಾಧಾರಣ ಬಿಯರ್‌ಗೆ ಬೇಕಾಗುವಷ್ಟು ಅನಿಲ ಒಳಗೇ ಹುಟ್ಟುತ್ತದೆ. ಮೇಲೆ ಸಕ್ಕರೆಯೂ ಸೇರಿತೆಂದರೆ ಗಾಜು ಸಿಡಿಯುವ ಅಪಾಯವಿದೆ.

ಇದು ಕಾನೂನಿನ ಒಪ್ಪಿಗೆ ಇರುವ ದೇಶಗಳಲ್ಲಿ ನೆಲೆಸಿ ಈ ಹವ್ಯಾಸ ಹಿಡಿದವರಿಗಾಗಿ ಬರೆದದ್ದು. ಬ್ರಿಟನ್ನಿನಲ್ಲಿ ಪರವಾನಗಿಯ ಅಗತ್ಯ 1963ರಲ್ಲೇ ಹೋಯಿತು. ಅಮೆರಿಕದಲ್ಲಿ 1978ರ ಕಾನೂನು ದಾರಿ ತೆರೆಯಿತು. ಕರ್ನಾಟಕದಲ್ಲಿ ಪರವಾನಗಿಯಿಲ್ಲದೆ ತಯಾರಿಸುವುದು 1965ರ ಅಬಕಾರಿ ಕಾಯ್ದೆಯಡಿ ಅಪರಾಧ. ಇಲ್ಲಿ ಪ್ರಯತ್ನಿಸಬೇಡಿ.

ಮೊದಲು ನೊರೆ ಎಷ್ಟಿರಬೇಕೆಂದು ನಿರ್ಧರಿಸಿ. ಅಳತೆಯ ಮಾನಕ್ಕೆ ‘ವಾಲ್ಯೂಮ್‌’ ಎನ್ನುತ್ತಾರೆ: ಒಂದು ಲೀಟರ್‌ ಬಿಯರ್‌ನಲ್ಲಿ ಒಂದು ಲೀಟರ್‌ ಇಂಗಾಲದ ಡೈಆಕ್ಸೈಡ್‌ ಕರಗಿದ್ದರೆ ಒಂದು ವಾಲ್ಯೂಮ್‌. ಇಂಗ್ಲಿಷ್‌ ಏಲ್‌ಗೆ (ಏಲ್‌ ಎಂದರೆ ಬಿಯರ್‌ನ ಒಂದು ಬಗೆ) 1.5ರಿಂದ 2, ಅಮೆರಿಕನ್‌ ಪೇಲ್‌ ಏಲ್‌ಗೆ 2.4ರ ಆಸುಪಾಸು ಸಾಕು. ಜರ್ಮನಿಯ ಗೋಧಿ ಬಿಯರ್‌ 3ನ್ನು ದಾಟುತ್ತದೆ. ಅದಕ್ಕೆ ದಪ್ಪ ಗಾಜಿನ ಬಾಟಲಿಯೇ ಬೇಕು, ಮಾಮೂಲಿ ಬಾಟಲಿ ತಡೆಯದು.

ಮುಂದಿನದು ಹೆಚ್ಚಿನವರು ಎಡವುವ ಜಾಗ. ಹುದುಗುವಾಗ ಹುಟ್ಟಿದ ಅನಿಲದಲ್ಲಿ ಸ್ವಲ್ಪ ಪಾಲು ಬಿಯರ್‌ನಲ್ಲೇ ಉಳಿದಿರುತ್ತದೆ, ಅದನ್ನು ಲೆಕ್ಕದಿಂದ ಕಳೆಯಬೇಕು. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹುದುಗಿದ್ದರೆ ಉಳಿಕೆ ಸುಮಾರು 0.86 ವಾಲ್ಯೂಮ್‌, 10 ಡಿಗ್ರಿಯಲ್ಲಾದರೆ 1.2. ಲೆಕ್ಕಕ್ಕೆ ಹಿಡಿಯಬೇಕಾದದ್ದು ಹುದುಗುವಿಕೆಯ ಕೊನೆಯ ಹಂತದಲ್ಲಿ ಬಿಯರ್‌ ಮುಟ್ಟಿದ ಅತಿ ಹೆಚ್ಚಿನ ಉಷ್ಣತೆ. ಗಸಿ ಇಳಿಯಲೆಂದು ಆಮೇಲೆ ಫ್ರಿಜ್‌ನಲ್ಲಿಟ್ಟು 2 ಡಿಗ್ರಿಗೆ ತಂದಿದ್ದರೂ ಆ 2 ಡಿಗ್ರಿಯನ್ನು ಲೆಕ್ಕಕ್ಕೆ ತರಬೇಡಿ. ಬೆಚ್ಚಗಿದ್ದಾಗ ಹೊರಟುಹೋದ ಅನಿಲ ತಂಪು ಮಾಡಿದ ಮಾತ್ರಕ್ಕೆ ಮರಳಿ ಬರುವುದಿಲ್ಲ.

ಇನ್ನು ಗುಣಾಕಾರ. ಒಂದು ಲೀಟರ್‌ಗೆ ಒಂದು ವಾಲ್ಯೂಮ್‌ ಏರಿಸಲು ಅಡುಗೆಮನೆಯ ಸಕ್ಕರೆ ಸುಮಾರು 4 ಗ್ರಾಂ ಬೇಕು. ಗುರಿ 2.4, ಉಳಿಕೆ 0.86 ಎಂದಾದರೆ ಕೊರತೆ 1.54. ಬಿಯರ್‌ 19 ಲೀಟರ್‌ ಇದ್ದರೆ 1.54 × 4 × 19, ಅಂದರೆ 117 ಗ್ರಾಂ. ಸಕ್ಕರೆಯ ಬದಲು ಮೆಕ್ಕೆಜೋಳದ ಡೆಕ್ಸ್‌ಟ್ರೋಸ್‌ (ಗ್ಲೂಕೋಸ್‌ ಪುಡಿ) ಬಳಸುವವರು ಶೇ 10ರಿಂದ 15ರಷ್ಟು ಹೆಚ್ಚು ತೂಗಲಿ. ತಳದಲ್ಲಿ ಗಸಿಯೊಂದಿಗೆ ಉಳಿದುಹೋಗುವ ಬಿಯರನ್ನು ಲೀಟರ್‌ ಲೆಕ್ಕಕ್ಕೆ ಸೇರಿಸಬೇಡಿ. ಚಮಚದ ಅಳತೆಯನ್ನಂತೂ ದಯವಿಟ್ಟು ಬಿಡಿ: 330 ಮಿಲಿಲೀಟರ್‌ ಬಾಟಲಿಗೆ ಬೇಕಾಗುವುದು ಬರೀ 2 ಗ್ರಾಂ, ಅಷ್ಟನ್ನು ಚಮಚದಲ್ಲಿ ಪ್ರತಿ ಬಾಟಲಿಗೂ ಒಂದೇ ಸಮನೆ ಹಾಕುವುದು ಯಾರ ಕೈಗೂ ಸುಲಭವಲ್ಲ.

ತೂಗಿದ ಸಕ್ಕರೆಯನ್ನು ಎರಡು ಲೋಟ ನೀರಿನಲ್ಲಿ ಐದು ನಿಮಿಷ ಕುದಿಸಿ ಆರಿಸಿ. ಶುದ್ಧಗೊಳಿಸಿದ ಬಕೆಟ್‌ಗೆ ಮೊದಲು ಈ ಪಾಕ ಸುರಿದು, ಅದರ ಮೇಲೆ ಕೊಳವೆಯಿಂದ ಬಿಯರ್‌ ಇಳಿಸಿ. ಕೊಳವೆಯ ತುದಿ ದ್ರವದೊಳಗೇ ಮುಳುಗಿರಲಿ. ಮೇಲಿನಿಂದ ಸುರಿದರೆ ಗಾಳಿ ಸೇರಿ ರುಚಿ ಕೆಡುತ್ತದೆ. ನಿಧಾನವಾಗಿ ಒಮ್ಮೆ ಕಲಕಿ. ಬಾಟಲಿಯ ಕತ್ತಿನಲ್ಲಿ ಒಂದು ಅಂಗುಲ ಖಾಲಿ ಬಿಟ್ಟು ಮುಚ್ಚಳ ಒತ್ತಿ.

20 ಡಿಗ್ರಿಯ ಸುತ್ತಮುತ್ತಲಿನ ಕತ್ತಲ ಜಾಗದಲ್ಲಿ ಎರಡು ವಾರ ಇಡಿ, ಮುಚ್ಚಿದ ಪೆಟ್ಟಿಗೆಯೊಳಗಿದ್ದರೆ ಇನ್ನೂ ಕ್ಷೇಮ. ಒಂದನ್ನು ತಂಪು ಮಾಡಿ ತೆರೆದು ನೋಡಿ. ನೊರೆ ಕಡಿಮೆಯಿದ್ದರೆ ಉಳಿದವನ್ನು ಮೆಲ್ಲಗೆ ತಲೆಕೆಳಗು ಮಾಡಿ ತಳದ ಯೀಸ್ಟ್‌ ಎಬ್ಬಿಸಿ, ಸ್ವಲ್ಪ ಬೆಚ್ಚಗಿನ ಕಡೆ ಇನ್ನೊಂದು ವಾರ ಬಿಡಿ. ನೊರೆ ಉಕ್ಕಿ ಚಿಮ್ಮಿದರೆ ಮಿಕ್ಕ ಬಾಟಲಿಗಳನ್ನೂ ಆ ಕೂಡಲೇ ಫ್ರಿಜ್‌ಗೆ ಸೇರಿಸಿ. ಮುಟ್ಟುವಾಗ ದಪ್ಪ ಕೈಗವಸು ಮತ್ತು ಕನ್ನಡಕ ಇರಲಿ. ಚೆನ್ನಾಗಿ ತಣಿದ ಮೇಲೆ ಒಂದೊಂದರ ಮೇಲೂ ದಪ್ಪ ಬಟ್ಟೆ ಹೊದಿಸಿ ಮುಚ್ಚಳವನ್ನು ತುಸುವೇ ಎತ್ತಿ, ಅನಿಲ ಹೊರಬಿಟ್ಟು ಹೊಸ ಮುಚ್ಚಳ ಹಾಕಿ.