ಕೊನೆಯ ಸ್ಥಾನದಿಂದ ಮೇಲೆ ಬರೋದು ಹೇಗೆ: ಮಲೆನಾಡಿನ ಸಣ್ಣ ರ‍್ಯಾಲಿ ಟೀಮುಗಳಿಗೆ

ಎರಡು ವರ್ಷ ನಮ್ಮ ಟೀಮು ಕ್ಲಾಸಿನ (ನಮ್ಮಂಥ ಕಾರುಗಳ ಗುಂಪಿನ) ಪಟ್ಟಿಯಲ್ಲಿ ಕೊನೆಗೇ ಇತ್ತು. ತೀರ್ಥಹಳ್ಳಿ ಹತ್ತಿರ ಒಂದು ಶೆಡ್ಡು, ಹಳೆಯ ಮಾರುತಿ ಎಸ್ಟೀಮ್, ಐದು ಜನ. ಪ್ರತಿ ಸಲ ಸೋತು ಬಂದಾಗಲೂ ಒಂದೇ ಮಾತು, ಎಂಜಿನ್‌ಗೆ ಪವರ್ ಸಾಲಲ್ಲ. ಸಾಲ ಮಾಡಿ ಎಂಜಿನ್ ಕೆಲಸ ಮಾಡಿಸಿದೆವು. ಮುಂದಿನ ರ‍್ಯಾಲಿಯಲ್ಲೂ ಕೊನೆಗೇ ಬಂದೆವು. ಆಮೇಲೆ ಕೂತು ಒಂದೊಂದು ಸೆಕೆಂಡ್ ಎಲ್ಲಿ ಹೋಯ್ತು ಅಂತ ಬರೆದು ನೋಡಿದಾಗ ಗೊತ್ತಾಯಿತು, ಎಂಜಿನ್‌ನಿಂದ ಕಳೆದುಕೊಂಡದ್ದು ಎಲ್ಲಕ್ಕಿಂತ ಕಡಿಮೆ. ಈಗ ಕ್ಲಾಸಿನ ನಡುವಿನ ಜಾಗಕ್ಕೆ ಬಂದಿದ್ದೇವೆ, ಅದೇ ಎಂಜಿನ್‌ನಲ್ಲಿ. ಶಿವಮೊಗ್ಗ, ಸಾಗರ, ಕೊಪ್ಪ, ಮೂಡಿಗೆರೆ ಕಡೆ ನಮ್ಮ ಹಾಗೇ ಒದ್ದಾಡುತ್ತಿರುವ ಹುಡುಗರಿಗೆ ಉಪಯೋಗ ಆಗಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲು ಒಂದು ನೋಟ್‌ಬುಕ್ ತಗೊಳ್ಳಿ. ರ‍್ಯಾಲಿ ಮುಗಿದ ಮೇಲೆ ಪ್ರತಿ ಸ್ಟೇಜಿನ (ಟೈಮ್ ಹಿಡಿದು ಓಡಿಸುವ ದಾರಿಯ ಒಂದು ತುಂಡಿನ) ಟೈಮ್ ಪಟ್ಟಿ ಸಿಗುತ್ತೆ ಅಲ್ವಾ, ಅದರಲ್ಲಿ ನಿಮ್ಮ ಕ್ಲಾಸ್ ಗೆದ್ದವರ ಟೈಮನ್ನು ನಿಮ್ಮದರಿಂದ ಕಳೆದು, ಉಳಿದದ್ದನ್ನು ಸ್ಟೇಜಿನ ಕಿಲೋಮೀಟರಿನಿಂದ ಭಾಗಿಸಿ. 12 ಕಿಲೋಮೀಟರ್ ಸ್ಟೇಜಿನಲ್ಲಿ 36 ಸೆಕೆಂಡ್ ಹಿಂದಿದ್ದರೆ ಕಿಲೋಮೀಟರಿಗೆ 3 ಸೆಕೆಂಡ್ ಆಯಿತು. ಒಂದೇ ಸ್ಟೇಜನ್ನು ಸಾಮಾನ್ಯವಾಗಿ ಎರಡು ಸಲ ಓಡಿಸುತ್ತಾರೆ, ಎರಡನ್ನೂ ಪಕ್ಕಪಕ್ಕ ಬರೆಯಿರಿ. ಬೆಳಗ್ಗೆ 2 ಇದ್ದದ್ದು ಮಧ್ಯಾಹ್ನ 4 ಆಗಿದ್ದರೆ ಶಾಕ್ ಅಬ್ಸಾರ್ಬರ್, ಟೈರು, ಬ್ರೇಕು ಸೋತಿವೆ, ಇಲ್ಲವೇ ಡ್ರೈವರ್ ಸೋತಿದ್ದಾನೆ. ಎರಡು ಸಲವೂ ಒಂದೇ ಇದ್ದರೆ ಪೇಸ್ ನೋಟ್ಸ್ (ಮುಂದಿನ ತಿರುವು ಹೇಗಿದೆ ಅಂತ ಪಕ್ಕದಲ್ಲಿ ಕೂತವರು ಡ್ರೈವರ್‌ಗೆ ಓದಿ ಹೇಳುವ ಟಿಪ್ಪಣಿ) ಮತ್ತು ಓಡಿಸುವ ಧೈರ್ಯದ ಕಡೆ ನೋಡಿ. ಉದ್ದ ನೇರ ದಾರಿ ಇರುವ ಸ್ಟೇಜಿನಲ್ಲಿ ಮಾತ್ರ ಹಿಂದೆ ಬಿದ್ದಿದ್ದರೆ ಆಗ ಎಂಜಿನ್ ಬಗ್ಗೆ ಯೋಚನೆ ಮಾಡಿ.

ಪೆನಾಲ್ಟಿಗೆ ಬೇರೆ ಸಾಲು ಇಡಿ. ಟೈಮ್ ಕಂಟ್ರೋಲಿಗೆ (ಗೊತ್ತುಮಾಡಿದ ನಿಮಿಷಕ್ಕೆ ಸರಿಯಾಗಿ ತಲುಪಬೇಕಾದ ಚೌಕಿಗೆ) ಒಂದು ನಿಮಿಷ ತಡವಾದರೆ 10 ಸೆಕೆಂಡ್, ಒಂದು ನಿಮಿಷ ಮುಂಚೆ ಒಳಗೆ ಹೋದರೆ ಇಡೀ 1 ನಿಮಿಷ ಸೇರಿಸೋದು ರ‍್ಯಾಲಿಯ ಸಾಮಾನ್ಯ ನಿಯಮ. ಒಂದು ಸಲ ಸ್ಟೇಜುಗಳ ನಡುವೆ ಕಾರು ರಿಪೇರಿ ಮಾಡುವ ಸರ್ವಿಸ್‌ನಲ್ಲಿ 17ರ ಸ್ಪ್ಯಾನರ್ ಹುಡುಕುತ್ತಾ ನಾಲ್ಕು ನಿಮಿಷ ತಡ ಮಾಡಿದೆವು. 40 ಸೆಕೆಂಡ್ ಹೋಯಿತು. ಆ ದಿನ ನಮ್ಮ ಮುಂದಿದ್ದ ಕಾರಿಗೂ ನಮಗೂ ಇದ್ದ ಅಂತರ 31 ಸೆಕೆಂಡ್. ನಮ್ಮ ಡ್ರೈವರ್ ಇಡೀ ಸಂಜೆ ಮಾತಾಡಲಿಲ್ಲ.

ಹಾಗಾಗಿ ಸರ್ವಿಸ್ ಅಭ್ಯಾಸ ಮಾಡಿ, ಇದಕ್ಕೆ ಕಾಸು ಬೇಕಾಗಿಲ್ಲ. ಅಂಗಳದಲ್ಲಿ ಟಾರ್ಪಾಲ್ ಹಾಸಿ, ಮೊಬೈಲಿನಲ್ಲಿ 20 ನಿಮಿಷ ಇಟ್ಟು, ಯಾರು ಜಾಕ್ ಎತ್ತೋದು, ಯಾರು ಯಾವ ಚಕ್ರ ಬಿಚ್ಚೋದು, ಯಾರು ಕಾರಿನ ಅಡಿಗೆ ಹೋಗೋದು ಅಂತ ಹಂಚಿಕೊಂಡು ವಾರಕ್ಕೆ ಎರಡು ಸಲ ಮಾಡಿ. ಒಬ್ಬರು ಯಾವ ಕೆಲಸಕ್ಕೂ ಕೈ ಹಾಕಬಾರದು, ಗಡಿಯಾರ ನೋಡುತ್ತಾ ಎಷ್ಟು ಹೊತ್ತು ಉಳಿದಿದೆ ಅಂತ ಕೂಗಬೇಕು ಅಷ್ಟೆ. ಜಾಕ್ ಮೇಲೆ ಮಾತ್ರ ನಿಂತ ಕಾರಿನ ಅಡಿಗೆ ಯಾರನ್ನೂ ಬಿಡಬೇಡಿ, ಸ್ಟ್ಯಾಂಡ್ ಕೊಟ್ಟೇ ಒಳಗೆ ಹೋಗಲಿ. ನಾವು ಪ್ರತಿ ಬೋಲ್ಟು ಬಿಗಿ ಮಾಡಿದ ಮೇಲೆ ಅದರ ಮೇಲೂ ಪಕ್ಕದ ಲೋಹದ ಮೇಲೂ ಸೇರಿಸಿ ಹಳದಿ ಪೇಂಟಿನ ಒಂದು ಗೆರೆ ಎಳೆಯುತ್ತೇವೆ. ಬೋಲ್ಟು ಸಡಿಲವಾದರೆ ಗೆರೆ ಮುರಿದು ಕಾಣುತ್ತೆ. ಎಲ್ಲದಕ್ಕೂ ಸ್ಪ್ಯಾನರ್ ಹಾಕಿ ನೋಡುತ್ತಾ ಕೂರೋದು ತಪ್ಪುತ್ತೆ.

ದೊಡ್ಡ ಟೀಮುಗಳೂ ಇಲ್ಲಿಂದಲೇ ಶುರು ಮಾಡೋದು. ಫಾರ್ಮುಲಾ ಒನ್‌ನಲ್ಲಿ 2023ರ ಮೊದಲ ರೇಸು ಬಹರೇನ್‌ನಲ್ಲಿ, ಮೆಕ್‌ಲಾರೆನ್ ಟೀಮಿನ ಪಿಯಾಸ್ಟ್ರಿ ಕಾರು ನಡುವೆಯೇ ನಿಂತಿತು, ನಾರಿಸ್ 17ನೆಯವನಾಗಿ ಬಂದ. ನನಗೆ ಇಷ್ಟವಾದದ್ದು ಏನಂದರೆ, ಕಾರು ಅಂದುಕೊಂಡ ಮಟ್ಟಕ್ಕೆ ಬಂದಿಲ್ಲ ಅಂತ ಸೀಸನ್ ಶುರುವಾಗುವ ಮೊದಲೇ ಅವರು ಬಾಯಿಬಿಟ್ಟು ಹೇಳಿದ್ದರು. ತಪ್ಪು ಎಲ್ಲಿದೆ ಅಂತ ಗೊತ್ತಿತ್ತು, ಅದನ್ನೇ ಹಿಡಿದು ಕೆಲಸ ಮಾಡಿದರು. ಜುಲೈನಲ್ಲಿ ಆಸ್ಟ್ರಿಯಾಕ್ಕೆ ತಂದ ಹೊಸ ಭಾಗಗಳಿಂದ ಕಾರೇ ಬೇರೆಯಾಯಿತು. ಅದೇ ವರ್ಷ ಕತಾರ್‌ನಲ್ಲಿ 1.80 ಸೆಕೆಂಡಿನಲ್ಲಿ ನಾಲ್ಕು ಚಕ್ರ ಬದಲಿಸಿ ದಾಖಲೆ ಮಾಡಿದರು. 2024ರಲ್ಲಿ ಟೀಮುಗಳ ಚಾಂಪಿಯನ್‌ಶಿಪ್ ಗೆದ್ದರು, 1998ರ ನಂತರ ಅದೇ ಮೊದಲು.

ಇನ್ನು ಕಾರಿಗೆ ಬರೋಣ. ಕಾರು ಗುರಿ ಮುಟ್ಟದೆ ವೇಗದ ಮಾತೇ ಇಲ್ಲ. ಎಂಜಿನ್ ಅಡಿಗೆ ಹಾಕುವ ಸಂಪ್ ಗಾರ್ಡ್ ತಗಡು ಗಟ್ಟಿ ಇರಲಿ, ಡ್ರೈವ್ ಶಾಫ್ಟಿನ ರಬ್ಬರ್ ಬೂಟು, ಎಂಜಿನ್ ಮೌಂಟಿಂಗು, ಹೋಸ್ ಕ್ಲಿಪ್ಪುಗಳನ್ನು ಪ್ರತಿ ಸಲ ನೋಡಿ. ನಮ್ಮ ಕಡೆ ಹೆಚ್ಚು ಜನ ಮರೆಯೋದು ಬ್ರೇಕ್ ಆಯಿಲ್. ಅದು ಗಾಳಿಯಿಂದ ತೇವ ಎಳೆದುಕೊಳ್ಳುತ್ತೆ. ಡಾಟ್ 4 ದರ್ಜೆಯ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು ಅಂತ ನಿಯಮ, ತೇವ ಹಿಡಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತೆ. ಆಗುಂಬೆಯ ಸುತ್ತಮುತ್ತ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶೆಡ್ಡಿನೊಳಗಿನ ಬಟ್ಟೆಯೇ ಒಣಗಲ್ಲ, ಅಲ್ಲಿ ನಿಂತ ಕಾರಿನ ಬ್ರೇಕ್ ಆಯಿಲ್ ಏನಾಗಿರುತ್ತೆ ಯೋಚನೆ ಮಾಡಿ. ಮಳೆಗಾಲ ಮುಗಿದ ಕೂಡಲೇ ಪೂರ್ತಿ ಬದಲಿಸಿ. ಸ್ಟೇಜಿನ ಕೊನೆಯಲ್ಲಿ ಪೆಡಲ್ ಮೆತ್ತಗಾಗುತ್ತೆ ಅಂತ ಡ್ರೈವರ್ ಹೇಳುತ್ತಿದ್ದದ್ದು ನಮ್ಮಲ್ಲಿ ಇಷ್ಟರಿಂದಲೇ ಸರಿಹೋಯಿತು.

ಕೈಯಲ್ಲಿ ಸ್ವಲ್ಪ ದುಡ್ಡಿದ್ದರೆ ಅದು ಸಸ್ಪೆನ್ಷನ್‌ಗೇ ಹೋಗಬೇಕು. ಈ ವಿಷಯದಲ್ಲಿ ನಾನು ಯಾರ ಜೊತೆ ಬೇಕಾದರೂ ವಾದ ಮಾಡುತ್ತೇನೆ. ಚಕ್ರ ನೆಲದ ಮೇಲೆ ಇಲ್ಲದಿದ್ದರೆ ಎಷ್ಟು ಪವರ್ ಇದ್ದು ಏನು ಮಾಡೋದು? ಶಾಕ್ ಅಬ್ಸಾರ್ಬರ್ ಕೆಲಸ ಮಾಡುತ್ತಿದೆಯಾ ಅಂತ ನೋಡೋಕೆ ಸುಲಭದ ದಾರಿ ಇದೆ. ಒರಟು ದಾರಿಯಲ್ಲಿ ಐದಾರು ಕಿಲೋಮೀಟರ್ ಓಡಿಸಿ ನಿಲ್ಲಿಸಿದ ತಕ್ಷಣ ನಾಲ್ಕರ ಹತ್ತಿರವೂ ಕೈ ಹಿಡಿಯಿರಿ, ಸುಡಬಹುದು, ಹುಷಾರು. ಮೂರು ಬಿಸಿಯಾಗಿ ಒಂದು ತಣ್ಣಗಿದ್ದರೆ ಆ ತಣ್ಣಗಿರೋದೇ ಸತ್ತಿರೋದು. ಕುಲುಕಾಟವನ್ನು ಬಿಸಿಯಾಗಿ ಮಾಡಿ ಕಳೆಯೋದೇ ಅದರ ಕೆಲಸ. ವೀಲ್ ಅಲೈನ್‌ಮೆಂಟಿಗೆ ಪ್ರತಿ ಸಲ ಶಿವಮೊಗ್ಗಕ್ಕೆ ಓಡಬೇಡಿ. ಕಾರಿನ ಎರಡೂ ಕಡೆ ನಾಲ್ಕು ಸ್ಟ್ಯಾಂಡ್ ಇಟ್ಟು, ಚಕ್ರದ ನಡುಮಟ್ಟಕ್ಕೆ ನೂಲು ಬಿಗಿದು, ರಿಮ್ಮಿನ ಮುಂದಿನ ಅಂಚಿಗೂ ಹಿಂದಿನ ಅಂಚಿಗೂ ಸ್ಕೇಲ್ ಹಿಡಿದು ಅಳೆದರೆ ಸಾಕು. ಸರ್ವಿಸ್‌ನಲ್ಲಿ ಸ್ಟೀರಿಂಗಿನ ಟೈ ರಾಡ್ ಬದಲಿಸಿದಾಗ ಈ ವಿದ್ಯೆ ಬೇಕೇ ಬೇಕು.

ಟೈರಿನ ಬಗ್ಗೆ ನಮ್ಮ ಮಣ್ಣೇ ಪಾಠ ಹೇಳುತ್ತೆ. ಒಣಗಿದ ಕೆಂಪು ಮಣ್ಣಿನಲ್ಲಿ ಮೊದಲ ಓಟಕ್ಕೆ ಮೇಲೆಲ್ಲ ಸಣ್ಣ ಜಲ್ಲಿ, ಎರಡನೇ ಓಟದ ಹೊತ್ತಿಗೆ ಅದು ಪಕ್ಕಕ್ಕೆ ಸರಿದು ಗಟ್ಟಿ ನೆಲ ಸಿಗುತ್ತೆ, ಹಿಡಿತ ಜಾಸ್ತಿ, ಆದರೆ ತಗ್ಗುಗಳೂ ಜಾಸ್ತಿ. ಒಂದು ಮಳೆ ಬಿದ್ದರೆ ಅದೇ ದಾರಿ ಎಣ್ಣೆ ಸವರಿದ ಹಾಗೆ. ಕೆಸರಿನಲ್ಲಿ ಅಗಲ ಟೈರು ಮೇಲೇ ತೇಲುತ್ತೆ, ಕಿರಿದಾದ ಟೈರು ಕೆಸರು ಸೀಳಿಕೊಂಡು ಕೆಳಗಿನ ಗಟ್ಟಿ ನೆಲ ಹಿಡಿಯುತ್ತೆ. ಓಡುವ ಮೊದಲಿನ ಗಾಳಿ, ಸ್ಟೇಜ್ ಮುಗಿದ ತಕ್ಷಣದ ಗಾಳಿ, ಎರಡನ್ನೂ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಗಾಳಿ, ಸ್ಪ್ರಿಂಗು, ಟೋ (ಚಕ್ರ ಒಳಗೋ ಹೊರಗೋ ಓರೆಯಾಗಿರುವ ಅಳತೆ) ಮೂರನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಒಳ್ಳೆಯದಾಯಿತು ಅಂತ ಯಾರಿಗೂ ತಿಳಿಯಲ್ಲ. ಡ್ರೈವರ್ ಹೇಳೋದನ್ನು ಅವನ ಮಾತಿನಲ್ಲೇ ಬರೆದುಕೊಳ್ಳಿ. ನಮ್ಮವನು 'ಮೂತಿ ತಿರುಗಲ್ಲ ಮಾರಾಯ' ಅನ್ನುತ್ತಾನೆ, ಅಂಡರ್‌ಸ್ಟಿಯರ್ ಅನ್ನೋದಕ್ಕಿಂತ ಅದು ನಮಗೆ ಬೇಗ ಅರ್ಥವಾಗುತ್ತೆ.

ನಮಗೆ ಅತಿ ಹೆಚ್ಚು ಸೆಕೆಂಡ್ ತಂದುಕೊಟ್ಟದ್ದು ಪೇಸ್ ನೋಟ್ಸ್. ಚಿಕ್ಕಮಗಳೂರಿನ ಕಾಫಿ ತೋಟದ ದಾರಿಗಳಲ್ಲಿ ಏಷ್ಯಾ ಪೆಸಿಫಿಕ್ ರ‍್ಯಾಲಿ ನಡೆಯುತ್ತಿದ್ದಾಗ ಗೌರವ್ ಗಿಲ್ ಓಡಿಸೋದನ್ನು ಬೇಲಿ ಪಕ್ಕ ನಿಂತು ನೋಡಿದ್ದೇನೆ. 2013, 2016, 2017ರಲ್ಲಿ ಆ ಚಾಂಪಿಯನ್‌ಶಿಪ್ ಗೆದ್ದವರು. ಕಣ್ಣಿಗೆ ಕಾಣದ ತಿರುವಿಗೆ ಕಾರು ಮುಂಚೆಯೇ ಓರೆಯಾಗಿ ತಯಾರಾಗಿರುತ್ತಿತ್ತು. ಪಕ್ಕದಲ್ಲಿ ಓದುವವರ ಮೇಲೆ ಪೂರ್ತಿ ನಂಬಿಕೆ ಇಲ್ಲದೆ ಹಾಗೆ ಓಡಿಸೋಕಾಗಲ್ಲ. ನಮ್ಮ ನೋಟ್ಸ್ ಇಂಗ್ಲಿಷ್‌ನಲ್ಲಿತ್ತು, ಡ್ರೈವರ್ ಮನಸ್ಸಿನಲ್ಲಿ ಒಂದು ಸಲ ಕನ್ನಡ ಮಾಡಿಕೊಂಡು ಆಮೇಲೆ ಸ್ಟೀರಿಂಗ್ ತಿರುಗಿಸುತ್ತಿದ್ದ. ಈಗ 'ಎಡ ಮೂರು, ದಿಬ್ಬ, ಬಲ ಐದು, ಒಳಗೆ ಕಲ್ಲು' ಅಂತ ಓದುತ್ತೇವೆ. ನಮ್ಮಲ್ಲಿ ಒಂದು ಅಂದರೆ ತೀರಾ ನಿಧಾನದ ತಿರುವು, ಆರು ಅಂದರೆ ಹೆಚ್ಚುಕಡಿಮೆ ನೇರ. ಅಭ್ಯಾಸಕ್ಕೆ ತೀರ್ಥಹಳ್ಳಿಯಿಂದ ಕೊಪ್ಪದ ಕಡೆಗೆ ಸಾಮಾನ್ಯ ವೇಗದಲ್ಲಿ ಹೋಗುತ್ತಾ ನೋಟ್ಸ್ ಬರೆಯುತ್ತೇವೆ, ಮೊಬೈಲಿನಲ್ಲಿ ವಿಡಿಯೋ ಮಾಡಿಕೊಂಡು ರಾತ್ರಿ ಅದನ್ನು ಹಾಕಿ ಓದುತ್ತೇವೆ. ಓದಿದ್ದು ತಿರುವಿಗಿಂತ ತಡವಾದರೆ ಆ ಪದ ಉದ್ದವಾಯಿತು ಅಂತ ಅರ್ಥ, ಅದನ್ನು ಕತ್ತರಿಸುತ್ತೇವೆ. ಊರಿನ ರಸ್ತೆಯಲ್ಲಿ ಯಾವತ್ತೂ ವೇಗ ಬೇಡ, ಅಲ್ಲಿ ಸ್ಕೂಲ್ ಮಕ್ಕಳು, ದನ, ಬಸ್ಸು ಎಲ್ಲ ಇರುತ್ತವೆ.

ವೇಗದ ಅಭ್ಯಾಸಕ್ಕೆ ಕೊಯ್ಲಾದ ಗದ್ದೆ ಕೇಳಿ. ಮಾಲೀಕರ ಒಪ್ಪಿಗೆ ಇರಲಿ, ಬೆಂಕಿ ಆರಿಸುವ ಸಿಲಿಂಡರ್ ಹತ್ತಿರ ಇರಲಿ, ಮುಗಿದ ಮೇಲೆ ಬದು ಸರಿ ಮಾಡಿಕೊಟ್ಟು ಬನ್ನಿ. ತೋಟದ ದಾರಿ ಕೇಳೋದಾದರೆ ಕಾಫಿ ಕೊಯ್ಲಿನ ಹೊತ್ತಿನಲ್ಲಿ ಹೋಗಬೇಡಿ, ಅವರಿಗೆ ಅದು ವರ್ಷದ ದುಡಿಮೆ.

ರೋಲ್ ಕೇಜ್ (ಕಾರು ಮಗುಚಿದರೆ ಒಳಗಿನವರನ್ನು ಕಾಯುವ ಪೈಪಿನ ಚೌಕಟ್ಟು), ಬೆಲ್ಟು, ಹೆಲ್ಮೆಟ್ಟಿನಲ್ಲಿ ಒಂದು ರೂಪಾಯಿಯೂ ಉಳಿಸಬೇಡಿ. ಎಫ್‌ಎಂಎಸ್‌ಸಿಐ (ದೇಶದ ಮೋಟಾರ್ ಕ್ರೀಡೆ ನೋಡಿಕೊಳ್ಳುವ ಸಂಸ್ಥೆ) ನಿಯಮದಲ್ಲಿ ಪೈಪಿನ ಅಳತೆ, ದಪ್ಪ ಎಲ್ಲ ಇದೆ, ಆ ಹಾಳೆಯನ್ನೇ ವೆಲ್ಡಿಂಗ್ ಮಾಡುವವರ ಕೈಗೆ ಕೊಡಿ. ಗೇಟಿಗೆ ಹಾಕುವ ಪೈಪಿನಲ್ಲಿ ಕೇಜ್ ಮಾಡಿಸಿದ ಕಾರನ್ನು ನಾನು ನೋಡಿದ್ದೇನೆ. ಅದರಲ್ಲಿ ಕೂತಿದ್ದ ಹುಡುಗನಿಗೆ ಇಪ್ಪತ್ತು ವರ್ಷವೂ ಆಗಿರಲಿಲ್ಲ.

ಎಂಜಿನ್ ಕೊನೆಗೆ. ನೋಟ್‌ಬುಕ್ಕಿನಲ್ಲಿ ಕಿಲೋಮೀಟರಿಗೆ 1 ಸೆಕೆಂಡಿಗಿಂತ ಕಡಿಮೆ ಅಂತರಕ್ಕೆ ಬಂದು, ಆ ಉಳಿದದ್ದೂ ನೇರ ದಾರಿಗಳಲ್ಲೇ ಹೋಗುತ್ತಿದೆ ಅಂತ ಕಂಡ ದಿನ ಮಾಡಿಸಿ. ನಾವು ಈಗ 1.4ರಲ್ಲಿದ್ದೇವೆ. ಈ ಮಳೆಗಾಲ ಪೂರ್ತಿ ಹಿಂದಿನ ಸ್ಪ್ರಿಂಗುಗಳ ಕೆಲಸ, ದಿನಾ ರಾತ್ರಿ ಒಂದು ಗಂಟೆ ನೋಟ್ಸ್ ಓದುವ ಅಭ್ಯಾಸ.