ಗೂಗಲ್ ಅರ್ಥ್‌ನಲ್ಲಿ ನೈಲ್ ನದಿಯ ಪ್ರವಾಸ: ಒಂದು ಪೀರಿಯಡ್‌ಗೆ ಏಳು ನಿಲುಗಡೆ

ನಾನು ಕಂಪ್ಯೂಟರ್ ತೆರೆಯುವ ಮುಂಚೆ ಒಂದು ಹಾಳೆಯಲ್ಲಿ ಮೂರು ಕಲಂ ಎಳೆಯುತ್ತೇನೆ: ಜಾಗ, ಅಲ್ಲಿ ಮಕ್ಕಳಿಗೆ ಕೇಳುವ ಒಂದೇ ಪ್ರಶ್ನೆ, ಎಷ್ಟು ಎತ್ತರದಿಂದ ನೋಡಬೇಕು ಅನ್ನುವುದು. ಪ್ರಶ್ನೆ ಹೊಳೆಯದ ಜಾಗವನ್ನು ಅಲ್ಲೇ ಹೊಡೆದುಹಾಕುತ್ತೇನೆ. ನಲವತ್ತು ನಿಮಿಷದ ಪೀರಿಯಡ್‌ಗೆ ಏಳು ನಿಲುಗಡೆ ಸಾಕು. ಒಂದೊಂದಕ್ಕೆ ನಾಲ್ಕು ನಿಮಿಷ ಹಿಡಿದರೆ ಇಪ್ಪತ್ತೆಂಟಾಯಿತು, ಉಳಿದದ್ದು ಮಕ್ಕಳ ಮಾತಿಗೆ. ನೈಲ್‌ಗೆ ನಾನು ಇಟ್ಟುಕೊಂಡ ಏಳು ಇವು: ವಿಕ್ಟೋರಿಯಾ ಸರೋವರದಿಂದ ನದಿ ಹೊರಬೀಳುವ ಜಿಂಜಾ, ಮರ್ಚಿಸನ್ ಜಲಪಾತ, ಸುಡ್ ಜೌಗುನೆಲ, ಖಾರ್ಟೂಮ್, ಅಬು ಸಿಂಬೆಲ್‌ನ ಪ್ರಾಚೀನ ದೇವಾಲಯಗಳು, ಆಸ್ವಾನ್ ಅಣೆಕಟ್ಟು, ಕೊನೆಗೆ ಮುಖಜಭೂಮಿ.

ಬ್ರೌಸರ್‌ನಲ್ಲೇ ನಡೆಯುವ ಗೂಗಲ್ ಅರ್ಥ್‌ನಲ್ಲಿ ಹೊಸ ಪ್ರಾಜೆಕ್ಟ್ ತೆರೆದು, ಜಾಗ ಹುಡುಕಿ ಪಿನ್ ಹಾಕುವುದು ಎರಡು ನಿಮಿಷದ ಕೆಲಸ. ಹೊತ್ತು ಹಿಡಿಯುವುದು ಕ್ಯಾಮೆರಾ ಇಡುವುದು. ಮರ್ಚಿಸನ್‌ನಲ್ಲಿ ಇಡೀ ನದಿ ಸುಮಾರು 7 ಮೀಟರ್ ಅಗಲದ ಬಂಡೆಸಂದಿಯಲ್ಲಿ ನುಸುಳುತ್ತದೆ. ಒಂದು ಕಿಲೋಮೀಟರ್‌ಗಿಂತ ಮೇಲೆ ಹೋದರೆ ಅದು ಕಣ್ಣಿಗೇ ಬೀಳದು. ಮುಖಜಭೂಮಿಗೆ ಬಂದಾಗ 500 ಕಿಲೋಮೀಟರ್ ಮೇಲಿಂದ ನೇರ ಕೆಳಗೆ ನೋಡಿದರಷ್ಟೇ ಮರಳಿನ ನಡುವಿನ ಹಸಿರು ಬೀಸಣಿಗೆ ಪೂರ್ತಿ ಕಾಣುವುದು. ನೋಟ ಸರಿಹೊಂದಿದ ಮೇಲೆ ಅದನ್ನು ಉಳಿಸುವ ಗುಂಡಿ ಒತ್ತಲೇಬೇಕು. ಒತ್ತದಿದ್ದರೆ ಪ್ರದರ್ಶನದ ಹೊತ್ತಿಗೆ ಅರ್ಥ್ ತನಗೆ ತೋಚಿದ ಎತ್ತರದಲ್ಲಿ ನಿಲ್ಲುತ್ತದೆ, ಜಲಪಾತದ ಬದಲು ಬರೀ ಕಾಡು. ನದಿಯ ದಾರಿಗೆ ಗೆರೆ ಎಳೆದರೆ ಅದೂ ಪಟ್ಟಿಯಲ್ಲಿ ಒಂದು ನಿಲುಗಡೆಯೇ, ಅದಕ್ಕೂ ನೋಟ ಉಳಿಸಿ. ಪ್ರದರ್ಶನ ಸಾಗುವುದು ಪಟ್ಟಿಯ ಕ್ರಮದಲ್ಲಿ. ಹೆಚ್ಚುಕಮ್ಮಿಯಾಗಿದ್ದರೆ ಪಟ್ಟಿಯಲ್ಲೇ ಎಳೆದು ಜಾಗ ಬದಲಿಸಬಹುದು.

ದಿಕ್ಕಿನ ವಿಷಯದಲ್ಲಿ ನಾನು ಸ್ವಲ್ಪ ಹಟಮಾರಿ. ಎಲ್ಲ ನಿಲುಗಡೆಗಳಲ್ಲೂ ಉತ್ತರ ಮೇಲೇ ಇರಬೇಕು. ನೋಟ ಚೆಂದ ಕಾಣುತ್ತದೆಂದು ಒಂದೊಂದು ಕಡೆ ಒಂದೊಂದು ದಿಕ್ಕಿಗೆ ತಿರುಗಿಸಿದರೆ ಮೂರನೆಯ ನಿಲುಗಡೆಗೆ ಮಕ್ಕಳು ದಿಕ್ಕು ತಪ್ಪುತ್ತಾರೆ. ನೈಲ್‌ಗೆ ಇದು ಇನ್ನೂ ಮುಖ್ಯ, ಏಕೆಂದರೆ ನದಿ ದಕ್ಷಿಣದಿಂದ ಉತ್ತರಕ್ಕೆ ಹರಿಯುತ್ತದೆ. ಪರದೆಯ ಮೇಲೆ ಅದು ‘ಮೇಲಕ್ಕೆ’ ಹರಿದಂತೆ ಕಂಡು, ನೀರು ಏರುವುದು ಹೇಗೆ ಎಂಬ ಪ್ರಶ್ನೆ ಬಂದೇ ಬರುತ್ತದೆ. ಆಗ ಕರ್ಸರ್ ಇಟ್ಟಲ್ಲಿನ ಎತ್ತರ ಪರದೆಯ ಕೆಳಗಡೆ ತೋರುವುದನ್ನು ಓದಿಸುತ್ತೇನೆ. ಜಿಂಜಾದಲ್ಲಿ ಸಾವಿರ ಮೀಟರ್ ದಾಟಿದ್ದು ಖಾರ್ಟೂಮ್‌ನಲ್ಲಿ ನಾಲ್ಕುನೂರರ ಒಳಗೆ ಇಳಿದಿರುತ್ತದೆ.

ಅಬು ಸಿಂಬೆಲ್‌ನಲ್ಲಿ ಹೆಚ್ಚು ಹೊತ್ತು ನಿಲ್ಲಿ. ಆಸ್ವಾನ್ ಅಣೆಕಟ್ಟಿನ ನೀರಿನಲ್ಲಿ ಮುಳುಗದಿರಲೆಂದು ದೇವಾಲಯಗಳನ್ನು 1964ರಿಂದ 1968ರ ನಡುವೆ ತುಂಡುತುಂಡಾಗಿ ಕತ್ತರಿಸಿ ಸುಮಾರು 65 ಮೀಟರ್ ಎತ್ತರಕ್ಕೆ ಸಾಗಿಸಲಾಯಿತು. ಕ್ಯಾಮೆರಾ ಓರೆ ಮಾಡಿ ನೀರಿನ ಅಂಚು ತೋರಿಸಿದರೆ ಯಾಕೆ ಸಾಗಿಸಿದರೆಂದು ಬಾಯಿಬಿಟ್ಟು ಹೇಳಬೇಕಿಲ್ಲ. ಅಲ್ಲಿಂದ ವಾಯವ್ಯಕ್ಕೆ ಸರಿದು ಟೈಮ್‌ಲ್ಯಾಪ್ಸ್ ಹಾಕಿ. 1984ರಿಂದ ಈಚಿನ ಚಿತ್ರಗಳು ಓಡುತ್ತವೆ. 1990ರ ದಶಕದ ಕೊನೆಯಲ್ಲಿ ಬರೀ ಮರಳಿದ್ದಲ್ಲಿ ತೋಶ್ಕಾ ಸರೋವರಗಳು ಮೂಡುತ್ತವೆ, ಬತ್ತುತ್ತವೆ, ಮತ್ತೆ ತುಂಬುತ್ತವೆ. ಆಸ್ವಾನ್ ಅಣೆಕಟ್ಟಿನ ಹಿಂದೆ ನಿಂತ ನಾಸರ್ ಸರೋವರದ ಹೆಚ್ಚುವರಿ ನೀರು ಅದು. ಮೊದಲ ಸಲ ಏನೂ ಹೇಳದೆ ಓಡಿಸಿ, ಎರಡನೆಯ ಸಲ ಇಸವಿ ಬರೆದುಕೊಳ್ಳಲು ಹೇಳಿ.

ಪಿನ್‌ಗಳನ್ನು ಕೈಯಲ್ಲಿ ಹಾಕದೆ ಕೆಎಂಎಲ್ ಕಡತ (ಜಾಗ, ಗೆರೆಗಳನ್ನು ಅಕ್ಷರದಲ್ಲಿ ಬರೆದು ಅರ್ಥ್‌ಗೆ ಕೊಡುವ ಕಡತ) ಬರೆಯುವವರು ಒಂದು ಕಡೆ ಎಡವುತ್ತಾರೆ. ನಾವು ಹೇಳುವ ರೂಢಿ ಅಕ್ಷಾಂಶ ಮೊದಲು, ರೇಖಾಂಶ ಆಮೇಲೆ. ಕೆಎಂಎಲ್‌ನಲ್ಲಿ ಅದು ತಿರುವುಮುರುವು. ಖಾರ್ಟೂಮ್ ಅಲ್ಲಿ 32.5,15.6 ಆಗಬೇಕು. ಅದಲುಬದಲಾದರೆ ಪಿನ್ ಮೆಡಿಟರೇನಿಯನ್ ಸಮುದ್ರದಲ್ಲಿ ತೇಲುತ್ತಿರುತ್ತದೆ. ಎಳೆದ ಗೆರೆ ಅಲ್ಲಲ್ಲಿ ಗುಡ್ಡದೊಳಗೆ ಮಾಯವಾಗುತ್ತಿದ್ದರೆ ಅದರ ಎತ್ತರದ ಆಯ್ಕೆಯನ್ನು ನೆಲಕ್ಕೆ ಅಂಟಿಕೊಳ್ಳುವಂತೆ ಬದಲಿಸಿ.

ತರಗತಿಯಲ್ಲಿ ಕೈಕೊಡುವುದು ಇಂಟರ್ನೆಟ್. ಮೂವತ್ತು ಕಂಪ್ಯೂಟರ್ ಒಮ್ಮೆಗೇ ಅರ್ಥ್ ತೆರೆದರೆ ಎಲ್ಲರ ಪರದೆಯೂ ಮಸುಕು. ನಾಲ್ವರಿಗೊಂದು ಕಂಪ್ಯೂಟರ್ ಕೊಟ್ಟು, ಒಂದೊಂದು ಗುಂಪನ್ನು ಒಂದೊಂದು ನಿಲುಗಡೆಯಿಂದ ಶುರುಮಾಡಿಸಿ. ಹಳೆಯ ಯಂತ್ರಗಳಲ್ಲಿ ಸೆಟ್ಟಿಂಗ್‌ಗೆ ಹೋಗಿ ಹಾರಾಟದ ಅನಿಮೇಷನ್ ಆಫ್ ಮಾಡಿದರೆ ತಡವರಿಸುವುದು ಎಷ್ಟೋ ಕಡಿಮೆಯಾಗುತ್ತದೆ. ಸಂಪರ್ಕವೇ ಇಲ್ಲದ ಕಡೆಗೆ, ಕಂಪ್ಯೂಟರ್‌ಗೆ ಇಳಿಸಿಕೊಳ್ಳುವ ಅರ್ಥ್ ಪ್ರೊ ಒಳ್ಳೆಯದು. ಉಚಿತ, ಮತ್ತು ಅದರ ಮೂವಿ ಮೇಕರ್‌ನಲ್ಲಿ ಇಡೀ ಪ್ರವಾಸವನ್ನು ಸಂಪರ್ಕ ಇರುವಲ್ಲಿ ಮೊದಲೇ ವಿಡಿಯೋ ಮಾಡಿಟ್ಟುಕೊಳ್ಳಬಹುದು. ವಿಡಿಯೋದಲ್ಲಿ ಮಕ್ಕಳು ತಾವೇ ಸುತ್ತಾಡುವಂತಿಲ್ಲ, ಹಾಗಾಗಿ ನನಗದು ಕೊನೆಯ ದಾರಿ. ಮೂಲೆಯಲ್ಲಿರುವ ಚಿತ್ರಗಳ ಹಕ್ಕಿನ ಸಾಲನ್ನು ಮಾತ್ರ ಕತ್ತರಿಸಬೇಡಿ.

ಕೊಂಡಿ ಹಂಚುವಾಗ ಅನುಮತಿ ‘ನೋಡುವವರು’ ಎಂದೇ ಇರಲಿ. ತಿದ್ದುವ ಅನುಮತಿ ಕೊಟ್ಟರೆ ಹತ್ತು ನಿಮಿಷದೊಳಗೆ ಯಾರೋ ಅಬು ಸಿಂಬೆಲ್‌ನ ಪಿನ್ನನ್ನು ತಮ್ಮ ಮನೆಯ ಮೇಲೆ ತಂದಿಟ್ಟಿರುತ್ತಾರೆ.